ಮೊಗೆಯುವ ಕೈ

“ಬುದ್ಧಿ, ಪೂಜೆಗೆ ಕೂತಾಗಲೆಲ್ಲ ಮನಸ್ಸನ್ನು ಮೇಲಕ್ಕೆತ್ತಲು ಹೆಣಗುತ್ತೇನೆ. ಅದೇಕೆ ನೆಲ ಬಿಟ್ಟು ಏಳುವುದಿಲ್ಲ?” ಎಂದು ಶಿಷ್ಯ ಚನ್ನವೀರ ಕೇಳಿದ. ಅವನು ಮಠಕ್ಕೆ ಬಂದು ಎಂಟು ತಿಂಗಳಾಗಿತ್ತು. ಆ ದಿನ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಉತ್ತರ ಸಿಗದಿದ್ದರೆ ಊರಿಗೆ ಹೊರಡುವವನಿದ್ದ.

ಗುರುಗಳು ಗಂಟಿನ ಕಡೆ ನೋಡಿದರು. “ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ” ಎಂದು ಕತೆ ಶುರುಮಾಡಿದರು.

ಒಬ್ಬ ರಾಗಿ ವರ್ತಕನಿದ್ದ. ಅವನಿಗೊಬ್ಬ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ಅಣ್ಣ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬೆಳಗ್ಗೆ ಎದ್ದು ಗಾಲ್ಫ್ ಮೈದಾನಕ್ಕೆ ಹೋಗುವುದು, ಕೋಲಿನಿಂದ ಚೆಂಡು ಹೊಡೆಯುವುದು, ಅದರ ಹಿಂದೆ ನಡೆಯುವುದು, ಅಷ್ಟೇ. ಅಣ್ಣನ ಜೊತೆ ನಡೆಯಬೇಕೆಂಬ ಒಂದೇ ಆಸೆಯಿಂದ ವರ್ತಕ ಐವತ್ತನೆಯ ವಯಸ್ಸಿನಲ್ಲಿ ಆ ಆಟ ಕಲಿಯಲು ಹೊರಟ.

ಮೈದಾನದ ನಡುವೆ ಒಂದು ಕೊಳ. ಚೆಂಡು ದಾಟದೆ ಆಟಗಾರ ದಾಟುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಅಣ್ಣನ ಚೆಂಡು ದಾಟುತ್ತಿತ್ತು, ಅಣ್ಣ ಮುಂದೆ ಹೋಗುತ್ತಿದ್ದ. ತಮ್ಮನ ಚೆಂಡು ಹುಲ್ಲಿನ ಮೇಲೆ ಉರುಳಿ ನೀರಿಗೆ ಬೀಳುತ್ತಿತ್ತು. ಅವನು ಈಚೆ ದಡದಲ್ಲೇ ಉಳಿಯುತ್ತಿದ್ದ.

ಬಿಟ್ಟಿ ಸಲಹೆಗೇನು ಬರ? ಒಬ್ಬ “ಬಲ ಸಾಲದು” ಎಂದ. ವರ್ತಕ ಜೋರಾಗಿ ಬೀಸಿದ, ಸೊಂಟ ಹಿಡಿದುಕೊಂಡಿತು. ಇನ್ನೊಬ್ಬ “ತಲೆ ಎತ್ತಿದಿರಿ, ಅದೇ ತಪ್ಪು” ಎಂದ. ವರ್ತಕ ಗದ್ದವನ್ನು ಎದೆಗೆ ಒತ್ತಿ ನಿಂತ. ಹೆಗಲು ತಿರುಗಲಿಲ್ಲ, ಚೆಂಡು ಕೂತಲ್ಲೇ ಕೂತಿತ್ತು. ಪಾಪ, ಮೂರು ವಾರ ಹೀಗೇ ಕಳೆಯಿತು.

ಅಲ್ಲಿ ಹುಲ್ಲು ಕೊಯ್ಯುವ ಹೆಂಗಸೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು: “ಅಲ್ಲ ಸಾಮಿ, ನೀವು ಅಂಗಡೀಲಿ ರಾಗಿ ಮೊಗೀತೀರಾ?”

“ಮೂವತ್ತು ವರ್ಷದಿಂದ. ನಿಂಗೆ ಹ್ಯಾಗೆ ಗೊತ್ತಾಯ್ತು?”

“ಚೆಂಡನ್ನೂ ಹಂಗೇ ಕೆಳಗಿಂದ ಮೊಗೀತಾ ಇದೀರಲ್ಲ! ಕೋಲು ಮಾಡಿದೋನು ಅದರ ಮುಖಾನ ಓರೆ ಮಾಡೇ ಮಡಗವ್ನೆ. ಎತ್ತೋದು ಅವನ ಕೆಲಸ. ನೀವು ಸುಮ್ನೆ ಕೆಳಕ್ಕಿಳಿಸಿ ಹೊಡೀರಿ.”

ವರ್ತಕ ಕೋಲನ್ನು ಮೊದಲ ಸಲ ತಿರುಗಿಸಿ ನೋಡಿದ. ಚೆಂಡಿಗೆ ತಾಗುವ ಮುಖ ನಿಜವಾಗಿಯೂ ಮೇಲಕ್ಕೆ ಓರೆಯಾಗಿತ್ತು. ಎತ್ತುವ ಆಸೆ ಬಿಟ್ಟು ಕೆಳಮುಖವಾಗಿ ಹೊಡೆದ. ಒಂದು ಹಿಡಿ ಹುಲ್ಲುಮಣ್ಣು ಹಾರಿತು. ಚೆಂಡು ತಾನಾಗಿ ಎದ್ದು ಕೊಳ ದಾಟಿತು. ಆಚೆ ದಡದಲ್ಲಿ ಅಣ್ಣ ನಿಂತುಬಿಟ್ಟಿದ್ದ. “ಬಾರೋ” ಎಂದ. ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಕೈ ಇನ್ನೂ ಗಂಟಿನ ಮೇಲಿತ್ತು.

“ನನ್ನ ಕೋಲಿಗೂ ಅಂಥ ಓರೆ ಇದೆಯೆ, ಬುದ್ಧಿ? ನಾನು ಕಂಡೇ ಇಲ್ಲವಲ್ಲ!”

ಗುರುಗಳು ನಕ್ಕರು. “ಮಾಡಿದವನ ಕೆಲಸವನ್ನೂ ಎಂಟು ತಿಂಗಳಿಂದ ನೀನೇ ಹೊತ್ತುಕೊಂಡಿದ್ದೆ; ತಿರುಗಿಸಿ ನೋಡಲು ಬಿಡುವೆಲ್ಲಿತ್ತು?”