ಹೊಳೆಯಂಚಿನಲ್ಲಿ ನಿಂತ ಕುದುರೆ

“ಗುರುಗಳೇ, ಆ ಹಳ್ಳಿಯವರು ಪಾಠ ಹೇಳುವವರು ಬೇಕೆಂದು ಕಾಯುತ್ತಿದ್ದಾರೆ, ನಾಳೆ ಹೊರಡು ಎಂದಿರಿ. ಆದರೆ ನನ್ನೊಳಗೇ ಇನ್ನೂ ಅಳುಕಿದೆ. ಅದು ಪೂರ್ತಿ ಹೋದ ಮೇಲೆ ಹೊರಟರೆ ಆಗದೇ?”

ಹೀಗೆ ಕೇಳಿದವನು ಅಡವಯ್ಯ. ಮಠದಲ್ಲಿ ಓದು ಮುಗಿಸಿದ ಶಿಷ್ಯ. ಬೆಳಿಗ್ಗೆ ಗಂಟು ಕಟ್ಟಿ, ಮಧ್ಯಾಹ್ನ ಬಿಚ್ಚಿ ಇಟ್ಟಿದ್ದ.

ಗುರುಗಳು “ಕೂತುಕೋ” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ನೋಡದೆ ಯಾರಿಗೂ ಮದ್ದು ಕೊಡುತ್ತಿರಲಿಲ್ಲ. ಊರಿನ ಪಕ್ಕಕ್ಕೆ ಹೊಳೆ, ಹೊಳೆಯಾಚೆ ಇನ್ನೊಂದು ಊರು. ಚಿಕ್ಕಂದಿನಲ್ಲಿ ಅವನು ಆ ಹೊಳೆಯಲ್ಲಿ ಕೊಚ್ಚಿಹೋಗಿ ಹೇಗೋ ಬದುಕಿ ಬಂದಿದ್ದ. ಆಮೇಲೆ ನೀರಿಗೆ ಇಳಿದವನಲ್ಲ. ಆಚೆಯಿಂದ ಕರೆ ಬಂದರೆ ದೂರದ ಸೇತುವೆ ಸುತ್ತಿಕೊಂಡು ಹೋಗುತ್ತಿದ್ದ. ಹಾಗೆ ಸುತ್ತಿ ಹೋದ ಒಂದು ದಿನ, ಅವನು ಮುಟ್ಟುವಷ್ಟರಲ್ಲಿ ಒಬ್ಬ ಹುಡುಗನ ಉಸಿರು ನಿಂತಿತ್ತು. ಮನೆಯವರು ಏನೂ ಅನ್ನಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟರು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತನ್ನ ಕಾಲು ಇಳಿಯದಿದ್ದರೆ ಬೇಡ, ಕುದುರೆಯ ಕಾಲಾದರೂ ಇಳಿಯಲಿ ಎಂದು ಅವನು ಒಂದು ಕುದುರೆ ತಂದ. ಅದು ಎಳೆಯ ಹೆಣ್ಣು ಕುದುರೆ, ಯಾರನ್ನೂ ಹೊತ್ತದ್ದಲ್ಲ. ಇವನೂ ಯಾವ ಕುದುರೆಯನ್ನೂ ಹತ್ತಿದವನಲ್ಲ. ಇಬ್ಬರೂ ಊರ ಕಣದಲ್ಲಿ ಕಲಿಯತೊಡಗಿದರು. ಕಟ್ಟೆಯ ಮೇಲೆ ಕೂತವರಿಗೆ ಒಳ್ಳೆಯ ಹೊತ್ತುಗಳೆಯುವ ಕೆಲಸವಾಯಿತು.

“ಪಂಡಿತರೇ, ಇವತ್ತು ಯಾರು ಯಾರನ್ನ ಹತ್ತೋದು?”

“ಮೊದಲು ಇಳಿಯೋದು ಕಲಿತಿದ್ದೀನಪ್ಪ,” ಎಂದು ವೈದ್ಯ ಮಣ್ಣು ಕೊಡವಿಕೊಂಡು ಏಳುತ್ತಿದ್ದ.

ಅವನು ಬಿದ್ದಾಗಲೆಲ್ಲ ಕುದುರೆ ಓಡಿಹೋಗದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಅವನಿಗೆ ಅದರ ಮೇಲೆ ಮನಸ್ಸು ಕೂತದ್ದು ಹಾಗೆ. ಮದ್ದಿನ ಚೀಲ ಒಂದೇ ಬದಿಗೆ ಜೋತರೆ ಅದರ ನಡಿಗೆ ಕೆಡುವುದೆಂದು ಇವನು ತಿಳಿದ. ಇವನು ಕೆಮ್ಮಿದರೆ ಹೆದರಬೇಕಿಲ್ಲವೆಂದು ಅದು ತಿಳಿಯಿತು. ಲಗಾಮು ಎಳೆದರೆ ನಿಲ್ಲಬೇಕು ಎಂಬುದನ್ನು ಕಲಿಸಲು ಮಾತ್ರ ಅವನು ಬಹಳ ಪಾಡುಪಟ್ಟ. ಕಲಿತ ಮೇಲೆ ಅದು ಒಮ್ಮೆಯೂ ತಪ್ಪಲಿಲ್ಲ.

ಆದರೆ ಹೊಳೆಯ ಅಂಚಿಗೆ ಬಂದರೆ ಕುದುರೆ ನಿಂತುಬಿಡುತ್ತಿತ್ತು. ಗದರಿದ, ಬೆಲ್ಲ ತೋರಿಸಿದ, ಕಣ್ಣಿಗೆ ಬಟ್ಟೆ ಕಟ್ಟಿದ. ಅದು ಮುಂದೆ ಹೆಜ್ಜೆ ಇಡಲಿಲ್ಲ. ಇದಕ್ಕೆ ನೀರಿನ ಭಯ ಹತ್ತಿದೆ ಎಂದು ವೈದ್ಯ ಬೇರು ತೇಯ್ದು ಕಷಾಯ ಕಾಸಿ ಕುಡಿಸತೊಡಗಿದ.

“ಕುದುರೆಗೆ ಕಷಾಯ, ನಿಮಗೆ ಹುರುಳಿಯೋ?” ಎಂದು ಹೆಂಡತಿ ನಕ್ಕಳು.

ಹೀಗಿರುವಾಗ ಒಂದು ಮುಂಜಾನೆ ಆಚೆ ಊರಿನಿಂದ ಒಬ್ಬ ರೈತ ಹೊಳೆ ದಾಟಿ ಓಡಿಬಂದ. ಎದೆಯವರೆಗೆ ನೆನೆದಿದ್ದ. “ನಮ್ಮ ತಂಗಿ ಹಸಿ ಬಾಣಂತಿ. ಜ್ವರ ಏರಿದೆ, ಏನೇನೋ ಮಾತಾಡ್ತಾಳೆ. ಸುತ್ತಿಕೊಂಡು ಬಂದರೆ ಆಗೋದಿಲ್ಲ ಸ್ವಾಮಿ. ಬರೋಕಾಗದಿದ್ದರೆ ಮದ್ದಾದರೂ ಕೊಡಿ.”

“ನಾಡಿ ನೋಡದೆ ಏನಂತ ಕೊಡಲಿ? ನಡಿ,” ಎಂದು ವೈದ್ಯ ಕುದುರೆ ಹತ್ತಿದ.

ಹೊಳೆಯ ಅಂಚಿಗೆ ಬಂದರು. ಕುದುರೆ ನಿಂತಿತು.

“ಹೊಡೀರಿ ಸ್ವಾಮಿ!” ಎಂದು ರೈತ ಪಕ್ಕದ ಗಿಡದಿಂದ ಒಂದು ಬರಲು ಮುರಿದು ಚಾಚಿದ. ವೈದ್ಯ ಅದನ್ನು ಮುಟ್ಟಲಿಲ್ಲ. ಇಷ್ಟು ದಿನದ ಕಷಾಯ ಏನಾಯಿತು ಎಂದು ನೋಡಲು ಲಗಾಮು ಬಿಟ್ಟು ಇಳಿದು, ಕುದುರೆಯ ದವಡೆಯ ಅಡಿಯಲ್ಲಿ ಮೂರು ಬೆರಳಿಟ್ಟ. ನಾಡಿ ತಣ್ಣಗೆ ನಡೆಯುತ್ತಿತ್ತು. ಬೆರಳು ತೆಗೆದದ್ದೇ ಕುದುರೆ ಕತ್ತು ಚಾಚಿ, ಮುಂಗಾಲು ನೀರಿಗಿಟ್ಟು ಕುಡಿಯತೊಡಗಿತು.

ವೈದ್ಯ ಅದನ್ನು ನೋಡಿದ. ಆಮೇಲೆ ಅದೇ ಮೂರು ಬೆರಳನ್ನು ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡ. ಊರಿನವರದೆಲ್ಲ ನೋಡಿದ್ದ, ತನ್ನದನ್ನು ನೋಡಿರಲಿಲ್ಲ. ನಾಡಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಅಂಗೈ ನೋಡಿಕೊಂಡ. ಲಗಾಮಿನ ಅಚ್ಚು ಕೆಂಪಗೆ ಮೂಡಿತ್ತು. ಅಷ್ಟು ಬಿಗಿಯಾಗಿ ಅದನ್ನು ಎಳೆದು ಹಿಡಿದಿದ್ದ. ನೀರು ಕಂಡಾಗಲೆಲ್ಲ ಹಾಗೆಯೇ ಹಿಡಿದಿದ್ದ. ಕುದುರೆ ಹಟ ಮಾಡಿರಲಿಲ್ಲ. ಎಳೆದರೆ ನಿಲ್ಲು ಎಂದು ಕಲಿಸಿದ್ದ, ನಿಂತಿತ್ತು.

“ಅಯ್ಯೋ ಮಗಳೇ, ಕಷಾಯ ಕುಡಿಯಬೇಕಾದವನು ನಾನು,” ಎಂದ.

ಮತ್ತೆ ಹತ್ತಿದ. ಲಗಾಮನ್ನು ಅದರ ಕತ್ತಿನ ಮೇಲೆ ಸಡಿಲವಾಗಿ ಹಾಕಿ, ಎರಡೂ ಕೈಯಿಂದ ಅಯಾಲು ಹಿಡಿದುಕೊಂಡ. “ಭಯ ನನಗೆ, ನಿನಗಲ್ಲ. ನಡಿ,” ಎಂದ. ಕುದುರೆ ಕಿವಿ ಹಿಂದಕ್ಕೆ ತಿರುಗಿಸಿತು, ಮುಂದಕ್ಕೆ ತಿರುಗಿಸಿತು. ಆಮೇಲೆ ನೀರಿಗೆ ಇಳಿಯಿತು. ನೀರು ಅವನ ಮೊಳಕಾಲಿಗೆ ಬಂತು, ತೊಡೆಗೆ ಬಂತು. ಅವನು ಕಣ್ಣು ಮುಚ್ಚಿ ಶಿವನಾಮ ಹೇಳಿದ. ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಹೇಳಿದ. ಕುದುರೆ ಒಂದೊಂದೇ ಕಲ್ಲು ತಡವಿ, ಕಾಲು ಊರಿ, ದಾಟಿತು.

ಬಾಣಂತಿಯ ಕೈ ಹಿಡಿದಾಗಲೂ ಅವನ ಬೆರಳು ನಡುಗುತ್ತಿತ್ತು. ನಡುಕ ನಿಲ್ಲುವವರೆಗೆ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದ. ನಾಡಿ ನೋಡಿದ, ಮದ್ದು ಅರೆದು ನೆಕ್ಕಿಸಿದ. ಸಂಜೆಯ ಹೊತ್ತಿಗೆ ಅವಳು ಬೆವತಳು. ಕಣ್ಣು ಬಿಟ್ಟು ಮಗುವನ್ನು ಕೇಳಿದಳು.

ಆಮೇಲೆ ಎಷ್ಟೋ ಸಲ ಅವರು ಆ ಹೊಳೆ ದಾಟಿದರು. ಅಂಚಿಗೆ ಬಂದಾಗ ಕುದುರೆ ಈಗಲೂ ಒಂದು ಗಳಿಗೆ ನಿಲ್ಲುತ್ತಿತ್ತು. ಮೇಲಿದ್ದವನು ಕೈ ಸಡಿಲಿಸುವವರೆಗೆ ಕಾದು, ಆಮೇಲೆ ಇಳಿಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕೇಳಿದ: “ಹಾಗಾದರೆ ಅಂದು ಹೊಳೆ ದಾಟುವಾಗ ವೈದ್ಯನ ಭಯ ಹೋಗಿತ್ತೇ, ಗುರುಗಳೇ?”

ಗುರುಗಳು ಹೇಳಿದರು: “ಆ ಬಾಣಂತಿ ಅದನ್ನು ಕೇಳಲಿಲ್ಲ.”

ಅಡವಯ್ಯ ಎದ್ದು ಹೋಗಿ ಬಿಚ್ಚಿಟ್ಟಿದ್ದ ಗಂಟನ್ನು ಮತ್ತೆ ಕಟ್ಟತೊಡಗಿದ.