ಎಂಜಲಮ್ಮನ ಬಂಡೆ

ಹೊನ್ನೆಕಾವಲಿನ ಪಡುವಣಕ್ಕೆ ಒಂದು ಬಂಡೆಯಿದೆ. ದೂರದಿಂದ ನೋಡಿದವರಿಗೆ ಅದು ಮಲಗಿ ಮೆಲುಕು ಹಾಕುವ ಎಮ್ಮೆಯಂತೆ ಕಾಣುತ್ತದೆ. ಹತ್ತಿದವರಿಗೆ ತಮ್ಮ ಮೊಣಕಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಇದಕ್ಕಿಂತ ಎತ್ತರದ ಗುಡ್ಡಗಳು ಭೂಮಿಯ ಮೇಲೆ ಇವೆಯೆಂದು ಹೇಳುವವರಿದ್ದಾರೆ. ಅವರು ಯಾರೂ ನಮ್ಮೂರಿನವರಲ್ಲ. ಈ ಬಂಡೆಯ ನೆತ್ತಿಯಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಸೊಂಟದೆತ್ತರದ ಒಂದು ಕಲ್ಲು, ಅದರ ಬುಡದಲ್ಲಿ ಅಂಗೈಯ ಹಾಗೆ ನುಣುಪಾದ ಒಂದು ಕುಳಿ, ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ, ಇಷ್ಟೇ. ಲೋಕದ ದೇವರೆಲ್ಲ ಮಡಿ, ಮೀಸಲು ಎಂದು ಕುಳಿತಿರುವಾಗ ನಮ್ಮ ದೇವಿ ಒಬ್ಬಳೇ ಎಂಜಲನ್ನು ಕೇಳಿ ಪಡೆದವಳು. ಬಂದವರು ಹೆಸರು ಕೇಳಿ ಮೊದಲು ನಗುತ್ತಾರೆ. ಪೂರಾ ಕೇಳಿದ ಮೇಲೆ ನಕ್ಕವರನ್ನು ಯಾರೂ ಕಂಡಿಲ್ಲ.

ಹಿಂದೆ ಒಮ್ಮೆ, ಈ ಕಾವಲಿನಲ್ಲಿ ಹುಲ್ಲು ಎಷ್ಟೆತ್ತರ ಬೆಳೆಯುತ್ತಿತ್ತೆಂದರೆ, ಮೇಯಲು ಹೋದ ಹೋರಿ ದಾರಿ ತಪ್ಪಿ ಮೂರು ವರ್ಷದ ಮೇಲೆ ಮುದಿಯಾಗಿ ಹೊರಗೆ ಬಂದಿತ್ತಂತೆ. ಆ ಕಾಲದಲ್ಲಿ ಈರಬಡಕ್ಕ ಎಂಬ ವಿಧವೆ ಊರಿನ ಹಸುಗಳಿಗೆಲ್ಲ ಸೂಲಗಿತ್ತಿಯಾಗಿದ್ದಳು. ಬಾಲದ ಬುಡ ಸಡಿಲವಾದದ್ದನ್ನು ಬೆರಳಿನಿಂದ ಒತ್ತಿ, ಕೆಚ್ಚಲಿನ ಬಿಗಿತ ನೋಡಿ, ಯಾವ ಹಸು ಯಾವ ಹೊತ್ತಿಗೆ ಈಯುತ್ತದೆಂದು ಹೇಳಿದರೆ ಹಸುವೂ ಆ ಮಾತು ಮೀರುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಅವಳ ಕೈಗೆ ಇನ್ನೊಂದು ಕೆಲಸವೂ ಇತ್ತು. ಊರಿನ ಕಟ್ಟಳೆ ಹೀಗಿತ್ತು: ಹಸು ಈದ ಮೇಲೆ, ಕರುವಿನ ಹಿಂದೆ ಬರುವ ಮಾಸು ಬೀಳುವ ತನಕ ಕರು ಕೆಚ್ಚಲಿಗೆ ಬಾಯಿ ಹಾಕಕೂಡದು. ಮಾಸು ಬಿದ್ದ ಮೇಲೆ ಮೊದಲ ದಿನದ ಗಿಣ್ಣನ್ನೆಲ್ಲ ಕರೆದು ಬಂಡೆಯ ಮೇಲಿನ ದೇವಿಗೆ ಎರೆಯಬೇಕು. ಕರು ಮುಟ್ಟಿದರೆ ಅದು ಎಂಜಲು. ಹಾಗಾಗಿ ಈರಬಡಕ್ಕ ಕರುವನ್ನು ಕೈಯಾರೆ ಹೊರಗೆಳೆದು, ಮೂಗಿನ ಲೋಳೆ ತೆಗೆದು, ಹೊಕ್ಕುಳಿಗೆ ಅರಿಶಿನ ಹಚ್ಚಿ, ಆಮೇಲೆ ಅದೇ ಕೈಯಿಂದ ಅದರ ಮೂತಿಯನ್ನು ತಾಯಿಯಿಂದ ಆಚೆಗೆ ಹಿಡಿದುಕೊಂಡು ಕೂರುತ್ತಿದ್ದಳು. ಹುಟ್ಟಿದ ಕರುಗಳಲ್ಲಿ ಅರ್ಧಕ್ಕರ್ಧ ಭೇದಿಯಾಗಿ ವಾರದೊಳಗೆ ಸಾಯುತ್ತಿದ್ದವು. ದೇವಿ ಕರೆಸಿಕೊಂಡಳು ಎಂದು ಊರು ಹೇಳುತ್ತಿತ್ತು. ಈರಬಡಕ್ಕನೂ ಹಾಗೇ ಹೇಳುತ್ತಿದ್ದಳು.

ಅವಳಿಗೆ ಗೊತ್ತಿದ್ದ ಒಂದು ಗುಟ್ಟು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳದೇ ಹಟ್ಟಿಯಲ್ಲಿ ಹುಟ್ಟಿದ ಒಂದು ಕೆಂಪು ಕರು, ಅವಳು ಬಿಸಿನೀರು ತರಲು ಹೋದಾಗ, ಎದ್ದು ಹೋಗಿ ಗಿಣ್ಣು ಕುಡಿದುಬಿಟ್ಟಿತ್ತು. ಅವಳು ಹೆದರಿ ಅದರ ಬಾಯಿ ತೊಳೆದು ಸುಮ್ಮನಾದಳು. ಆ ವರ್ಷ ಊರಿನ ಕರುಗಳೆಲ್ಲ ಹೋದರೂ ಆ ಕಳ್ಳಿ ಮಾತ್ರ ಕುಣಿದಾಡಿಕೊಂಡು ಬೆಳೆಯಿತು. ಅದೇ ಕೆಂದಿ. ಕೆಂದಿಯನ್ನು ಕಂಡಾಗಲೆಲ್ಲ ಈರಬಡಕ್ಕನಿಗೆ ತಾನು ಮೂತಿ ಹಿಡಿದ ಕರುಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಆದರೂ ಮುಂದಿನ ಕರು ಹುಟ್ಟಿದಾಗ ಮತ್ತೆ ಹಿಡಿಯುತ್ತಿದ್ದಳು. ಊರಿಗಿಂತ ದೊಡ್ಡ ಬಾಯಿ ಅವಳಿಗಿರಲಿಲ್ಲ.

ಹೀಗಿರುವಾಗ ದನಗಳಿಗೆ ದೊಡ್ಡ ರೋಗ ಬಂತು. ಬಾಯಿ ಹುಣ್ಣಾಗಿ, ಕಣ್ಣು ಸೋರಿ, ನಿಂತ ದನ ನಿಂತಲ್ಲೇ ಬಿದ್ದವು. ಹೂಳಲು ಜನ ಸಾಲದೆ ಹದ್ದುಗಳು ಹಾರಲಾರದಷ್ಟು ಕೊಬ್ಬಿ ನಡೆದುಕೊಂಡು ಓಡಾಡಿದವಂತೆ. ಕೊನೆಗೆ ಊರಿಗೆ ಉಳಿದದ್ದು ಗಬ್ಬದ ಕೆಂದಿ ಒಂದೇ. ಅದರ ಕರು ಬದುಕಿದರೆ ಹಟ್ಟಿ ಉಂಟು, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ ಎಂದು ಗೌಡ ಹೇಳಿಬಿಟ್ಟ. ಈರಬಡಕ್ಕ ಕೊನೆಯ ಎರಡು ತಿಂಗಳು ಕೆಂದಿಯನ್ನು ದೂರ ಅಟ್ಟಲಿಲ್ಲ. ತಾನು ಉಣ್ಣುವ ಸಜ್ಜೆಯನ್ನು ಅದಕ್ಕೆ ಬೇಯಿಸಿ ಹಾಕಿದಳು, ಒದ್ದೆಯಾದ ಹುಲ್ಲು ತೆಗೆದು ದಿನವೂ ಒಣಗಿದ್ದು ಹಾಸಿದಳು.

ಒಂದು ಬೇಸಗೆಯ ಮಧ್ಯಾಹ್ನ ಕೆಂದಿಗೆ ಬೇನೆ ಬಂತು. ಒಂದು ಗೊರಸು ಕಂಡಿತು, ಇನ್ನೊಂದು ಕಾಣಲಿಲ್ಲ. ಒಳಗೆ ಕಾಲು ಮಡಚಿತ್ತು. ಈರಬಡಕ್ಕ ಮೊಣಕೈ ತನಕ ಹರಳೆಣ್ಣೆ ಸವರಿಕೊಂಡು ಕೈಯಿಟ್ಟಳು. ಬೇನೆ ಬಂದಾಗಲೆಲ್ಲ ಅವಳೇ ನರಳುತ್ತಿದ್ದಳು.

"ಏನಕ್ಕಾ, ಈಯೋದು ಹಸುವೋ ನೀನೋ?" ಎಂದ ಗೌಡ, ಬಾಗಿಲಲ್ಲಿ ನಿಂತು.

"ಬಾ, ನೀನೂ ಒಂದ್ಸಲ ಈದು ನೋಡು, ಗೊತ್ತಾಗ್ತೈತೆ. ಅಲ್ಲಿ ತನಕ ಬಾಲ ಹಿಡ್ಕ."

ಕರುವನ್ನು ಹಿಂದಕ್ಕೆ ತಳ್ಳಿ, ಕಾಲು ನೀಡಿಸಿ, ಎಳೆದಳು. ಹೆಣ್ಣುಗರು. ಕೆಂದಿ ನೆಕ್ಕಿತು. ಗೌಡ ಕುಣಿಯುತ್ತ ಊರಿಗೆ ಸುದ್ದಿ ಹೇಳಲು ಓಡಿದ. ಆದರೆ ಮಾಸು ಬೀಳಲಿಲ್ಲ. ಬೆಲ್ಲದ ನೀರು ಕುಡಿಸಿದಳು, ಬಿದಿರೆಲೆ ತಿನ್ನಿಸಿದಳು. ಹೊತ್ತು ಇಳಿಯುತ್ತ ಬಂದರೂ ಅದು ನೇತಾಡುತ್ತಲೇ ಇತ್ತು. ಕರು ಎರಡು ಸಲ ಎದ್ದು ಬಿತ್ತು. ಮೂರನೆಯ ಸಲ ಏಳಲು ಹೋಗದೆ, ತನ್ನ ಮೂತಿ ಹಿಡಿದಿದ್ದ ಅವಳ ಬೆರಳನ್ನೇ ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಈರಬಡಕ್ಕ ಆ ಕೈಯನ್ನು ನೋಡಿದಳು. ಆಮೇಲೆ ಕರುವನ್ನು ಎತ್ತಿ ಕೆಂದಿಯ ಕೆಚ್ಚಲಿಗೆ ಬಿಟ್ಟಳು.

ಗಿಣ್ಣು ಒಯ್ಯಲು ಹಿತ್ತಾಳೆಯ ಗಿಂಡಿ ಹಿಡಿದು ಬಂದ ಪೂಜಾರಿ ಕ್ಯಾತಜ್ಜನ ಕಣ್ಣಿಗೆ ಬಿದ್ದದ್ದು ಕರುವಿನ ಬಾಯಿಯ ಬಿಳಿ ನೊರೆ.

"ಏನ್ ಮಾಡ್ದೆ ಈರಬಡಿ? ದೇವಿ ಬಾಯಿಗೆ ಎಂಜಲು ಮಾಡ್ದೆಲ್ಲೆ!"

"ಹೊಟ್ಟೆಗೆ ಹಾಕ್ದೆ ಕಣಜ್ಜ. ಇಷ್ಟು ದಿನ ಮಣ್ಣಿಗೆ ಹಾಕ್ದೆ."

ಕರು ಚೇತರಿಸಿಕೊಂಡಿತು. ಕೆಂದಿ ಚೇತರಿಸಿಕೊಳ್ಳಲಿಲ್ಲ. ಮಾಸು ಒಳಗೇ ಕೊಳೆತು, ಮೈ ಸುಟ್ಟು, ಐದನೆಯ ದಿನ ಅದು ಕರುವಿನ ಕಡೆ ತಲೆ ಹಾಕಿ ಸತ್ತಿತು. ದೇವಿಯ ಸಿಟ್ಟಿಗೆ ಊರಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಪಂಚಾಯ್ತಿ ಸೇರಿ, ದೇವಿ ಮುನಿದ ಕರುವಿನಿಂದ ಹಟ್ಟಿ ನಿಲ್ಲುವುದಿಲ್ಲ, ತಪ್ಪು ಮಾಡಿದ ಇಬ್ಬರನ್ನೂ ಬಂಡೆಯ ಮೇಲೆ ಬಿಡಬೇಕು, ದೇವಿ ಅಪ್ಪಣೆ ಕೊಡುವ ತನಕ ಯಾರೂ ಅನ್ನ ನೀರು ಕೊಡಕೂಡದು ಎಂದಿತು. ತಪ್ಪಿತಸ್ಥರಲ್ಲಿ ಒಬ್ಬಳ ವಯಸ್ಸು ಐದು ದಿನ. ಬಂಡೆಯ ದಾರಿಗೆ ಜಾಲಿಮುಳ್ಳು ಹಾಕಿದರು. ಹತ್ತಲು ಅಪ್ಪಣೆ ಇದ್ದದ್ದು ದೇವಿಗೆ ಹಾಲೆರೆಯುವ ಕ್ಯಾತಜ್ಜನೊಬ್ಬನಿಗೇ.

ಊರಲ್ಲಿ ಹಸುವಿನ ಹಾಲಿರಲಿಲ್ಲ. ಅಜ್ಜ ಒಂದು ಗಿಂಡಿ ಮೇಕೆ ಹಾಲು ತಂದು ಕುಳಿಗೆ ಎರೆದು, ಅವಳ ಮುಖ ನೋಡದೆ ಇಳಿದ. ಮರುದಿನ ಬಂದಾಗ ಕುಳಿ ನೆಕ್ಕಿದಂತೆ ಒಣಗಿತ್ತು. ಕರು ಅವನ ಪಂಚೆಯ ತುದಿ ಜಗಿಯಿತು.

"ಈರಬಡಿ," ಎಂದ ಅಜ್ಜ, ಕಲ್ಲಿನ ಕಡೆ ತಿರುಗಿಕೊಂಡು, "ನಿನ್ನೆ ಹಾಲು ದೇವಿ ಕುಡಿದ್ಲೇನೆ?"

"ಕುಡಿದ್ಲು ಕಣಜ್ಜ. ಸಾಲ್ದು ಅಂತಾಳೆ."

ಅಜ್ಜ ಅಂದು ತಂಬಿಗೆ ತಂದಿದ್ದ. ಮೂರನೆಯ ದಿನ ಬಿಂದಿಗೆಯನ್ನೇ ಹೊತ್ತು ತಂದ. ಅಜ್ಜನಿಗೆ ದೇವಿಯ ಮೇಲೆ ಭಕ್ತಿ ಹೆಚ್ಚಾಗಿದೆ ಎಂದು ಊರು ಮೆಚ್ಚಿಕೊಂಡಿತು. ನೀರು ಮಾತ್ರ ಅವನು ತರಲಿಲ್ಲ. ತಂದರೆ ಯಾರಿಗೆಂದು ಕೇಳುತ್ತಿದ್ದರು. ಈರಬಡಕ್ಕನ ನಾಲಿಗೆ ಅಂಗುಳಕ್ಕೆ ಅಂಟಿತ್ತು, ತುಟಿ ಒಡೆದಿತ್ತು. ಕುಳಿಯಲ್ಲಿ ಹಾಲಿತ್ತು. ತಾನು ಒಂದು ಗುಟುಕು ಕುಡಿದರೆ ಕರುವಿಗೆ ಅಷ್ಟು ಕಡಿಮೆ ಎಂದು ಅವಳು ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗೆ ಕೊಡುತ್ತ, ಅದರ ಮೂತಿಯನ್ನು ಕುಳಿಯ ಕಡೆಗೆ ಹಿಡಿಯುತ್ತ ಕೂತಳು. ಸುಡುವ ಬಂಡೆಯ ಮೇಲೆ ಇದ್ದ ನೆರಳೆಂದರೆ ಅವಳ ಮೈಯದೊಂದೇ. ಕರು ಅದರಲ್ಲಿ ಮಲಗುತ್ತಿತ್ತು. ಹೊತ್ತು ತಿರುಗಿದಂತೆ ಅವಳೂ ತಿರುಗಿ ಕೂರುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಅಜ್ಜ ಬಂದಾಗ ಕರು ನಿಂತಿತ್ತು. ಈರಬಡಕ್ಕ ದೇವಿಯ ಕಲ್ಲಿಗೆ ಒರಗಿದ್ದಳು, ಉಸಿರಿರಲಿಲ್ಲ. ಕರು ಅವಳ ಅಂಗೈ ನೆಕ್ಕುತ್ತಿತ್ತು, ಅದರ ಬಾಯಿಯಿಂದ ಸೋರಿದ ಜೊಲ್ಲು ಕಲ್ಲಿನ ಮೇಲೆ ಇಳಿದಿತ್ತು. ಅಜ್ಜ ಬಿಂದಿಗೆ ಅಲ್ಲೇ ಬಿಟ್ಟು, ಕರುವನ್ನು ಹೆಗಲ ಮೇಲೆ ಹೊತ್ತು, ಜಾಲಿಮುಳ್ಳನ್ನು ಬರಿಗಾಲಲ್ಲಿ ತುಳಿದುಕೊಂಡು ಇಳಿದು ಬಂದ. ಅಪ್ಪಣೆಯಾಯಿತೇ ಎಂದು ಗೌಡ ಕೇಳಿದ.

"ದೇವಿ ಮೈಮೇಲೆ ಎಂಜಲು ಬಿದ್ದೈತೆ, ಒರೆಸ್ಕೊಂಡಿಲ್ಲ," ಎಂದ ಅಜ್ಜ. "ಹೋಗಿ ಆಕೀನ ಇಳಿಸ್ಕೊಂಡು ಬರ್ರಿ."

ಆ ಕರು ಬೆಳೆದು, ಆಚೆ ಸೀಮೆಯ ಹೋರಿಗೆ ಕೂಡಿ, ಇಪ್ಪತ್ತೆರಡು ಸೂಲು ಈಯಿತಂತೆ. ಈಗ ನಾಲ್ಕು ತಾಲ್ಲೂಕಿನಲ್ಲಿ ಕಾಣುವ ಕೆಂಪು ಹಸುಗಳೆಲ್ಲ ಅದರ ಮೊಮ್ಮಕ್ಕಳು. ಬೇರೆ ಬಣ್ಣದವು ನೆಂಟರು. ಇಂದಿಗೂ ನಮ್ಮೂರಲ್ಲಿ ಹಸು ಈದರೆ ಮಾಸಿಗೆ ಕಾಯುವುದಿಲ್ಲ. ಕರು ಎದ್ದ ಕೂಡಲೇ ಗಿಣ್ಣು ಕುಡಿಸಿ, ಅದರ ಬಾಯಿಯ ನೊರೆಯನ್ನು ಬೆರಳಲ್ಲಿ ಒರೆಸಿ ತಂದು ಈ ಕಲ್ಲಿಗೆ ಸವರುತ್ತಾರೆ. ದೇವಿಗೆ ಸಲ್ಲುವುದು ಅಷ್ಟೇ. ಕುಳಿ ಮಳೆನೀರಿಗೆ ಸವೆದದ್ದೆಂದು ಓದಿದವರು ಹೇಳಿದರೆ, ಕರುಗಳ ನಾಲಿಗೆಗೆ ಸವೆದದ್ದೆಂದು ನಮ್ಮವರು ಜಗಳಕ್ಕೇ ನಿಲ್ಲುತ್ತಾರೆ.

ಗಡಿಗೆಯ ವಿಷಯ ಬೇರೆ. ಕ್ಯಾತಜ್ಜನ ವಂಶದವರು ಪ್ರತಿದಿನ ಬೆಳಿಗ್ಗೆ ಅದಕ್ಕೆ ತಣ್ಣೀರು ತುಂಬಿ ಇಡುತ್ತಾರೆ. ಎಷ್ಟೇ ದಣಿದು ಹತ್ತಿದ್ದರೂ ಅದರಿಂದ ಯಾರೂ ಕುಡಿಯುವುದಿಲ್ಲ. ಸಂಜೆಗೆ ನೀರು ನಾಲ್ಕು ಬೆರಳು ಇಳಿದಿರುತ್ತದೆ. ಬಿಸಿಲಿಗೆ ಆರಿತು ಎನ್ನುತ್ತಾರೆ, ನೋಡಲು ಬಂದವರು. ಎಲ್ಲದಕ್ಕೂ ಎದುರುತ್ತರ ಕೊಡುವ ನಮ್ಮೂರಿನವರು ಆ ಮಾತಿಗೆ ಮಾತ್ರ ತಲೆಯ ಟವಲು ತೆಗೆದು ನಿಲ್ಲುತ್ತಾರೆ.