ಮನೆತನದ ಮೂಗು

ಐನೂರು ವರ್ಷಗಳ ಹಿಂದೆ ಇಟಲಿಯ ಶಿಲ್ಪಿ ತದ್ದೇವೊನ ಬಳಿ ಅವನ ತಾತನ ಉಳಿಯೊಂದಿತ್ತು. ದೊರೆಯ ಮುಖ ಕೆತ್ತಲು ತಂದ ಅಮೃತಶಿಲೆ ಅದನ್ನು ಕೇಳಿತು: "ಉಳಿಯವರೇ, ಮೂಗಿಗೆ ಕೈ ಹಾಕುವ ಮೊದಲು ದೊರೆಯನ್ನೊಮ್ಮೆ ನೋಡಬಾರದೇ? ಅವರದು ಚಪ್ಪಟೆ ಮೂಗಂತೆ."

"ನೋಡುವುದೇ? ತಾತ ಕನ್ನಡಿ ನೋಡಿ ಕೆತ್ತಿದ ಮೂಗು ನನಗೆ ಬಾಯಿಪಾಠ. ಮೂರು ತಲೆಮಾರಿನಿಂದ ಸಂತರಿಗೆಲ್ಲ ಅದನ್ನೇ ಇಟ್ಟಿದ್ದೇವೆ. ಒಬ್ಬ ಸಂತನೂ ತಕರಾರು ಮಾಡಿಲ್ಲ!"

"ಸಂತರು ನೋಡಲು ಬರುವುದಿಲ್ಲ. ದೊರೆ ಬರುತ್ತಾರೆ."

"ಕಲ್ಲಾಗಿ ಹುಟ್ಟಿದ ಮೇಲೆ ತೆಪ್ಪಗಿರು," ಎಂದು ಉಳಿ ಕೆಲಸ ಮುಗಿಸಿತು.

ದೊರೆ ಬಂದ. ವಿಗ್ರಹ ನೋಡಿ, ತನ್ನ ಚಪ್ಪಟೆ ಮೂಗು ಸವರಿಕೊಂಡು, "ಯಾರಿದು?" ಎಂದು ಗುಡುಗಿದ. ಮೂಲೆಯಲ್ಲಿದ್ದ ಶಿಲ್ಪಿಯ ಅಜ್ಜಿ ಗಡಬಡಿಸಿ ಎದ್ದು ಮುಸುಕೆಳೆದುಕೊಂಡಳು: "ಅಯ್ಯೋ, ನಮ್ಮ ಯಜಮಾನರು!"